ಅಲ್ಲಾಡದ ಡಬ್ಬಿ

ಡಬ್ಬಿಯನ್ನು ಕಿವಿಗೆ ಹಿಡಿದು ಮೂರು ಸಲ ಅಲ್ಲಾಡಿಸಿದ. ಒಳಗೆ ಏನೋ ಉರುಳಿತು. ಸಣ್ಣದು, ಗುಂಡಗಿನದು, ಎಡಮೂಲೆಯಿಂದ ಹೊರಟು ಅರ್ಧ ಬೆರಳಿನಷ್ಟು ದೂರ ಹೋಗಿ ಯಾವುದಕ್ಕೋ ಬಡಿದು ನಿಂತಿತು. ದ್ರಾಕ್ಷಿ. ಐದು ದ್ರಾಕ್ಷಿಗಳಲ್ಲಿ ನಾಲ್ಕು ಹೇಳಿದ ಮಾತು ಕೇಳಿಕೊಂಡು ಕೂತಿರುವಾಗ ಈ ಐದನೆಯದಕ್ಕೆ ಮಾತ್ರ ಏನು ಬಂದಿದೆ ರೋಗ ಎಂದುಕೊಳ್ಳುತ್ತ ಚೌಕಳಿ ಬಟ್ಟೆಯ ಗಂಟು ಬಿಚ್ಚಿದ. ಮುಚ್ಚಳಕ್ಕೂ ಡಬ್ಬಿಗೂ ಸೇರಿಸಿ ಮುದ್ರೆಯ ಹಾಗೆ ಅಂಟಿಸಿದ್ದ ಚೀಟಿಯನ್ನು ಹರಿಯದಂತೆ ಉಗುರಿನಿಂದ ಎಬ್ಬಿಸಿ ಮೇಜಿನ ಅಂಚಿಗೆ ತಗುಲಿಸಿಕೊಂಡ. ಅದರ ಮೇಲೆ ಒಂದು ಬಾಣ, ಬಾಣದ ಕೆಳಗೆ ಅವನದೇ ಅಚ್ಚಿನಂಥ ಅಕ್ಷರದಲ್ಲಿ 'ಈ ಬದಿ ಮೇಲೆ'. ಗೋಡೆಯ ಗಡಿಯಾರದಲ್ಲಿ ಏಳು ಮೂವತ್ತೆಂಟು. ಶಿಬಿರದ ವ್ಯಾನು ಬರುವುದು ಏಳು ಐವತ್ತಕ್ಕೆ.

"ಅಪ್ಪಾ, ನನ್ನ ಈಜಿನ ಟೋಪಿ ಎಲ್ಲಿ?" ಬಚ್ಚಲುಮನೆಯಿಂದ ಮಗಳು ಕೂಗಿದಳು.

"ಎಲ್ಲಿಟ್ಟಿದ್ಯೋ ಅಲ್ಲೇ ಇರುತ್ತೆ."

"ಎಲ್ಲಿಟ್ಟಿದ್ದೀನಿ ಅಂತ ಗೊತ್ತಿದ್ರೆ ನಿನ್ನ ಯಾಕೆ ಕೇಳ್ತಿದ್ದೆ?"

ಮಾತು ಅವಳ ತಾಯಿಯದು, ದನಿಯೂ ತಾಯಿಯದೇ. ಎಂಟು ವರ್ಷದ ಬಾಯಿಯೊಳಗಿಂದ ಬರುತ್ತಿತ್ತು, ಅಷ್ಟೆ. ಅವನು ಮುಚ್ಚಳ ತೆಗೆದ. ಖಾಲಿ ಜಾಗವೇ ವೈರಿ. ಹದಿನಾಲ್ಕು ವರ್ಷದ ಹಿಂದೆ ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಪ್ಯಾಕರ್ ಆಗಿ ಸೇರಿದ ದಿನ ಮೇಲಿನವರು ಅವನಿಗೆ ಹೇಳಿಕೊಟ್ಟದ್ದು ಅದೊಂದೇ ವಾಕ್ಯ. ಹೂದಾನಿಯೋ, ಗಡಿಯಾರವೋ, ಮೂಗು ಹೋದ ಕಲ್ಲಿನ ತಲೆಯೋ, ಯಾವುದೇ ಆಗಲಿ, ಪೆಟ್ಟಿಗೆಯೊಳಗೆ ಅದಕ್ಕೆ ಅಲ್ಲಾಡಲು ಒಂದು ಕೂದಲೆಳೆಯಷ್ಟು ಎಡೆ ಸಿಕ್ಕಿತೋ, ದೂರದ ಊರಿನ ಪ್ರದರ್ಶನಕ್ಕೆ ತಲುಪುವಷ್ಟರಲ್ಲಿ ಒಡೆಯಿತು ಅಂತಲೇ ತಿಳಿಯಬೇಕು. ಅಂದಿನಿಂದ ಅವನು ಎಷ್ಟೋ ಪೆಟ್ಟಿಗೆಗಳಿಗೆ ಕಿವಿಕೊಟ್ಟಿದ್ದ. ಒಳಗಿಂದ ಸದ್ದು ಬರಲಿಲ್ಲವೆಂದರೆ ಕೆಲಸ ಆಯಿತು ಎಂದು ಅರ್ಥ. ಈಗ ಐದನೆಯ ದ್ರಾಕ್ಷಿಯ ಪಕ್ಕಕ್ಕೆ ಒಂದು ಸೌತೆಕಾಯಿ ಚೂರನ್ನು ಬೆಣೆಯ ಹಾಗೆ ಕೊಯ್ದು ಸಿಕ್ಕಿಸಿದ. ನಾಲ್ಕು ಖಾನೆಯ ಸ್ಟೀಲ್ ಡಬ್ಬಿ ಕೆಳಗಿನಿಂದ ಅವನನ್ನು ನೋಡುತ್ತಿತ್ತು: ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಓರೆಯಾಗಿ ನಿಂತ ಬ್ರೆಡ್ಡಿನ ತ್ರಿಕೋನಗಳು, ಅಂಚು ಹಿಡಿದು ಅಳೆದಂಥ ಆಲೂಗಡ್ಡೆಯ ಘನಗಳು, ಬೀಜದ ಜಾಗ ಕೊರೆದು ಚೀಸ್ ತುಂಬಿದ ಸೌತೆಕಾಯಿ ಕೊಳವೆಗಳು, ಹಳದಿ ಕಣ್ಣು ಬಿಟ್ಟ ಮೊಟ್ಟೆಯ ಬಿಲ್ಲೆಗಳು. ಹನ್ನೆರಡನೆಯ ದಿನ. ಇದುವರೆಗೆ ಒಂದು ಊಟವೂ ಎರಡನೆಯ ಸಲ ಬಂದಿರಲಿಲ್ಲ.

ಎರಡನೆಯ ಸಲ ಬರಕೂಡದು ಎಂಬುದೇ ಷರತ್ತು. ಶಾಲೆ ಮುಗಿಯುವ ವಾರ ಅವನು ಆಡಬಾರದ ಒಂದು ಮಾತು ಆಡಿದ್ದ. ಹೆಂಡತಿ ಸಿಟಿ ಬಸ್ಸಿನ ಡ್ರೈವರು. ನಾಲ್ಕೂವರೆಗೆ ಎದ್ದು, ಮಗಳ ಡಬ್ಬಿ ಕಟ್ಟಿಟ್ಟು, ಇನ್ನೂ ಕತ್ತಲಿರುವಾಗಲೇ ಡಿಪೋಗೆ ಹೊರಡುತ್ತಿದ್ದಳು. ಅವನು ಏಳು ಗಂಟೆಗೆ ಎದ್ದು ಆಕಳಿಸುತ್ತ ಡಬ್ಬಿಯ ಮುಚ್ಚಳ ಎತ್ತಿ ನೋಡಿ, ಸಂಜೆ ಅವಳು ಬಂದಾಗ, "ಮೂರು ದಿನದಿಂದ ಅದೇ ಬ್ರೆಡ್ಡು, ಅದೇ ಮೊಟ್ಟೆ. ಮಗು ಹೇಗೆ ತಿನ್ನುತ್ತೆ? ಒಂದು ಡಬ್ಬಿ ಕಟ್ಟೋದೇನು ಬ್ರಹ್ಮವಿದ್ಯೆನಾ?" ಅಂದಿದ್ದ. ಹೆಂಡತಿ ಶೂ ಬಿಚ್ಚುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ, "ಹೌದಾ ರೀ? ಬೇಸಿಗೆ ಶಿಬಿರ ಇಪ್ಪತ್ತು ದಿನ. ನೀವೇ ಕಟ್ಟಿ. ಒಂದೂ ಎರಡನೇ ಸಲ ಬರಬಾರದು. ಡಬ್ಬಿ ಖಾಲಿಯಾಗಿ ಬರಬೇಕು," ಎಂದು ಹೇಳಿ ಇನ್ನೊಂದು ಶೂ ಬಿಚ್ಚಿದಳು. ಮರುದಿನ ಫ್ರಿಜ್ಜಿನ ಬಾಗಿಲ ಮೇಲೆ ಇಪ್ಪತ್ತು ಚೌಕದ ಹಾಳೆ ಬಂತು. ಅವಳು ಕಟ್ಟಿದಾಗ ಅದು ಬರೀ ಡಬ್ಬಿಯಾಗಿತ್ತು, ಅವನ ಕೈಗೆ ಬಂದ ಕೂಡಲೇ ದಾಖಲೆಯಾಯಿತು. ಮೊದಲನೆಯ ದಿನ ಬೇಯಿಸಿದ ಜೋಳದ ಕಾಳನ್ನು ಸಾಲು ಕೆಡದಂತೆ ಕೊಯ್ದು ಇಟ್ಟದ್ದು. ನಾಲ್ಕನೆಯ ದಿನ ಸೇಬಿನ ಹೋಳುಗಳನ್ನು ಮತ್ತೆ ಸೇಬಾಗುವಂತೆ ಜೋಡಿಸಿ ದಾರ ಕಟ್ಟಿದ್ದು. ಒಂಬತ್ತನೆಯ ದಿನ ಅನ್ನವನ್ನು ಇಟ್ಟಿಗೆ ಮಾಡಿ, ಇಟ್ಟಿಗೆಯ ನಡುವೆ ಬಟಾಣಿ ಗಾರೆ ಮೆತ್ತಿ, ಒಂದು ಸಣ್ಣ ಗೋಡೆ ಎಬ್ಬಿಸಿದ್ದು. ಹಿಂದಿನ ರಾತ್ರಿಯೇ ಎದ್ದು ನಿಂತಿದ್ದ ಆ ಗೋಡೆಯನ್ನು ಹೆಂಡತಿ ಬೆಳಿಗ್ಗೆ ಹೊರಡುವ ಮುನ್ನ ಒಂದು ಕ್ಷಣ ದಿಟ್ಟಿಸಿ, "ಪ್ಲಾಸ್ಟರಿಂಗ್ ಯಾವಾಗ?" ಎಂದು ಕೇಳಿದ್ದಳು.

ಆದರೆ ಡಬ್ಬಿ ಖಾಲಿಯಾಗಿಯೇ ಬರುತ್ತಿತ್ತು. ಹನ್ನೊಂದಕ್ಕೆ ಹನ್ನೊಂದು ದಿನ. ಸಂಜೆ ಮುಚ್ಚಳ ತೆಗೆದರೆ ಒಳಗೆ ಒಂದು ಅಗುಳೂ ಇರುತ್ತಿರಲಿಲ್ಲ. "ಹೇಗಿತ್ತು?" ಎಂದು ಅವನು ಬೇರೆ ಎಲ್ಲೋ ನೋಡುತ್ತ, ಉತ್ತರದಿಂದ ತನಗೇನೂ ಆಗಬೇಕಾದದ್ದಿಲ್ಲ ಎಂಬಂತೆ ಕೇಳುತ್ತಿದ್ದ. "ಎಲ್ಲರಿಗೂ ಇಷ್ಟ ಆಯ್ತು," ಅನ್ನುತ್ತಿದ್ದಳು ಮಗಳು, ನಿಂತಲ್ಲೇ ನಾಲ್ಕು ತುಂಡು ಬ್ರೆಡ್ಡು ಬಾಯಿಗೆ ತುರುಕುತ್ತ. ಈಜಿದರೆ ಹಸಿವು ಜಾಸ್ತಿ ಎಂದು ಅವನೇ ಹೆಂಡತಿಗೆ ವಿವರಿಸಿದ್ದ. ಖಾಲಿ ಡಬ್ಬಿಯನ್ನು ತೊಳೆಯುವಾಗ ಅವನಿಗೆ ಒಳಗೊಳಗೇ ಒಂದು ಹಿಗ್ಗು, ಅದರ ಬೆನ್ನಿಗೇ ಯಾರಿಗೂ ಹೇಳಲಾಗದ ಒಂದು ನಾಚಿಕೆ. ಇವಳು ಒಂದೂವರೆ ವರ್ಷದವಳಿದ್ದಾಗ ಅವನು ಚಮಚ ಹಿಡಿದು ಮುಂದೆ ಕೂತರೆ ತುಟಿ ಬಿಗಿದುಬಿಡುತ್ತಿದ್ದಳು. ವಿಮಾನ ಅಂದ, ಹಕ್ಕಿ ಅಂದ, ತಾನೇ ಎರಡು ಚಮಚ ತಿಂದು ತೋರಿಸಿದ. ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, "ಅಯ್ಯೋ, ಕಡ್ಡಿಯಂಥ ಮಗೂನ ಹೆದರಿಸಬೇಡಪ್ಪ," ಅಂದಳು. ಆ ಕಡ್ಡಿ ಎಂಬ ಹೆಸರು ಮಗುವಿಗೆ ಅಂಟಿತು, ಹೆದರಿಸುವವನು ಎಂಬುದು ಅವನಿಗೆ. ಸಂಜೆ ಹೆಂಡತಿ ಖಾಕಿ ಅಂಗಿಯಲ್ಲೇ ಬಂದು ಕೂತು, ಕೈ ಕೂಡ ಸರಿಯಾಗಿ ಒರೆಸಿಕೊಳ್ಳದೆ ಅದೇ ತಣ್ಣನೆಯ ಗಂಜಿ ತೆಗೆದುಕೊಂಡರೆ ಬಾಯಿ ತಾನಾಗಿ ತೆರೆಯುತ್ತಿತ್ತು. "ನೀವು ಚಮಚನ ಅಳತೆಪಟ್ಟಿ ಹಿಡಿದ ಹಾಗೆ ಹಿಡೀತೀರಿ," ಅಂದಿದ್ದಳು ಹೆಂಡತಿ. ತಮಾಷೆಗೇ ಅಂದದ್ದು. ಅವನೂ ನಕ್ಕಿದ್ದ. ಏಳು ವರ್ಷವಾಯಿತು, ತನ್ನ ಕೈಯಿಂದ ಮಗಳು ಒಂದು ಹೊತ್ತು ಹೊಟ್ಟೆ ತುಂಬ ತಿಂದದ್ದನ್ನು ಅವನು ಈ ಶಿಬಿರದ ತನಕ ಕಂಡಿರಲಿಲ್ಲ. ಈಗಲೂ ಕಂಡಿರಲಿಲ್ಲ. ಖಾಲಿ ಡಬ್ಬಿಯನ್ನಷ್ಟೇ ಕಂಡಿದ್ದ.

ಮೇಜಿನ ಮೇಲೆ ಇನ್ನೊಂದು ಡಬ್ಬಿ ಇತ್ತು. ಜೋಡಿಯಾಗಿ ಕೊಂಡದ್ದರಿಂದ ಹೊರಗಿನಿಂದ ತದ್ರೂಪು, ಒಳಗೆ ಮಾತ್ರ ಖಾನೆಯ ತಟ್ಟೆ ಕಳೆದುಹೋಗಿ ಬರೀ ಹೊಟ್ಟೆ. ಅದು ಅವನದು. ದುಂಡಗಿನ ಆಲೂಗಡ್ಡೆಯಿಂದ ಘನ ಬೇಕೆಂದರೆ ಆರೂ ಕಡೆಯ ಕೆನ್ನೆ ಕೊಯ್ಯಬೇಕಾಗುತ್ತದೆ. ಬ್ರೆಡ್ಡಿನ ಅಂಚು, ಮೊಟ್ಟೆಯ ಬುಡ ಮತ್ತು ತಲೆ, ಸೌತೆಕಾಯಿಯ ಒಳಗಿನ ತಿರುಳು, ಚಾಕುವಿಗೆ ಅಂಟಿದ ಚೀಸ್, ಬಾಣಲೆಯ ತಳಕ್ಕೆ ಹಿಡಿದ ಬೆಣ್ಣೆ, ಇವನ್ನೆಲ್ಲ ಆ ಡಬ್ಬಿಗೆ ಹಾಕಿ, ಮೇಲೆ ಉಪ್ಪು ಮೆಣಸಿನಪುಡಿ ಉದುರಿಸಿ, ಹಿಂಡಿ ಉಳಿದ ಅರ್ಧ ನಿಂಬೆಹಣ್ಣನ್ನು ಇನ್ನೊಮ್ಮೆ ಹಿಂಡಿ, ಮುಚ್ಚಳ ಹಾಕಿಡುತ್ತಿದ್ದ. ಮಧ್ಯಾಹ್ನ ತಿನ್ನುವ ಮೊದಲು ಚೆನ್ನಾಗಿ ಕುಲುಕಿದರೆ ಗಲಗಲ ಎಂದು ಎಲ್ಲವೂ ಎಲ್ಲದಕ್ಕೂ ಮೆತ್ತಿಕೊಳ್ಳುತ್ತಿತ್ತು. ಚಿಕ್ಕವನಿದ್ದಾಗ ಅವನ ಅಮ್ಮ ಎಲ್ಲರ ಊಟ ಮುಗಿದ ಮೇಲೆ ಒಲೆಯ ಪಕ್ಕ ನಿಂತು ಪಾತ್ರೆಯ ತಳ ಕೆರೆದು ತಿನ್ನುತ್ತಿದ್ದಳು. ನಂಗೂ ಕೊಡು ಅಂದರೆ, "ಇದು ನೀನು ತಿನ್ನೋದಲ್ಲ, ಹೋಗೋ ಆಚೆ," ಅನ್ನುತ್ತಿದ್ದಳು. ಅದನ್ನು ತ್ಯಾಗವೆಂದು ತಿಳಿದು ಅವನು ಬಹಳ ಕಾಲ ಮನಸ್ಸಿನಲ್ಲೇ ನೊಂದುಕೊಂಡಿದ್ದ. ಎಂಟನೆಯದೋ ಒಂಬತ್ತನೆಯದೋ ದಿನ ನೆಲಮಾಳಿಗೆಯಲ್ಲಿ ಕೂತು, ಬೆರಳಿಗೆ ಹತ್ತಿದ ಬೆಣ್ಣೆ ನಿಂಬೆ ಚೀಪುತ್ತಿರುವಾಗ, ಅಮ್ಮ ಮಹಾ ಕಳ್ಳಿ ಎಂದು ಅವನಿಗೆ ಥಟ್ಟನೆ ಹೊಳೆದಿತ್ತು.

"ಅಪ್ಪಾ! ಟೋಪಿ!"

ಹೋಗಿ ಹುಡುಕಿದ. ಟೋಪಿ ಒದ್ದೆಯಾಗಿ ನಿನ್ನೆಯ ಚೀಲದಲ್ಲೇ ಇತ್ತು. ಅವಳ ಕೂದಲನ್ನು ಅದರೊಳಗೆ ತುಂಬಲು ಹೋಗಿ ಬೈಸಿಕೊಂಡು ("ಈಗಲೇ ಯಾಕೆ ಹಾಕ್ತೀಯಾ, ವ್ಯಾನಲ್ಲಿ ಈಜ್ತೀನಾ ನಾನು?") ಅಡುಗೆಮನೆಗೆ ಮರಳುವಷ್ಟರಲ್ಲಿ ಕೆಳಗೆ ವ್ಯಾನು ಒಂದು ಸಲ ಹಾರನ್ ಹೊಡೆದಿತ್ತು. ಮೇಜಿನ ಮೇಲೆ ಎರಡು ಡಬ್ಬಿ, ಎರಡಕ್ಕೂ ಮುಚ್ಚಳ. ತಾನು ಯಾವಾಗ ಮುಚ್ಚಿದ್ದು? ಕೈಗೆ ಹತ್ತಿರವಿದ್ದುದನ್ನು ಎಳೆದುಕೊಂಡು ಮೇಜಿನ ಅಂಚಿನಿಂದ ಚೀಟಿ ಕಿತ್ತು ಅದಕ್ಕೆ ಅಂಟಿಸಿದ, ಬಟ್ಟೆ ಸುತ್ತಿದ, ಗಂಟು ಹಾಕಿದ. ಕಿವಿಯ ತನಕ ಎತ್ತಿದ್ದೂ ಹೌದು. ಎರಡನೆಯ ಹಾರನ್ನಿಗೆ ಕೈ ತಾನಾಗಿ ಇಳಿಯಿತು. ಚೀಟಿ ಇದೆಯಲ್ಲ ಎಂದುಕೊಂಡ. ಬೇರೆ ಯಾವ ಗಂಡಸಾದರೂ ಒಮ್ಮೆ ಮುಚ್ಚಳ ಎತ್ತಿ ನೋಡುತ್ತಿದ್ದ. ಅವನ ನೆಲಮಾಳಿಗೆಯಲ್ಲಿ ಹಾಗೆ ಎತ್ತಿ ನೋಡುವುದು ಅಪರಾಧ; ಒಮ್ಮೆ ಚೀಟಿ ಬಿದ್ದ ಮೇಲೆ ಒಳಗೆ ಏನಿದೆಯೆಂದು ಹೇಳುವ ಹಕ್ಕು ಚೀಟಿಯದು. ಮಗಳು ಗಂಟು ಮೇಲೆ ಬರುವಂತೆ, ಅಪ್ಪ ಕಲಿಸಿದ ಹಾಗೆ ಎರಡೂ ಕೈಯಲ್ಲಿ ಡಬ್ಬಿಯನ್ನು ನೆಟ್ಟಗೆ ಹಿಡಿದು ಮೆಟ್ಟಿಲಿಳಿದು ಹೋದಳು.

ಆ ದಿನ ಕಟ್ಟಬೇಕಾಗಿದ್ದದ್ದು ಹದಿನಾರು ಕೈಗಳ ಗಾಜಿನ ತೂಗುದೀಪ. ಬಡಗಿ ಆಗಲೇ ಪೆಟ್ಟಿಗೆಯ ತಳ ಹೊಡೆದಿದ್ದ. ಬಡಗಿಗೆ ನಿವೃತ್ತಿಗೆ ಎರಡು ವರ್ಷ. ಮೊಳೆಗಳನ್ನು ಬಾಯಲ್ಲಿ ಹಿಡಿದುಕೊಂಡೇ ಇಡೀ ದಿನ ಮಾತಾಡಬಲ್ಲ. "ಏನಪ್ಪಾ ಪ್ಯಾಕರು, ಇವತ್ತಿನ ಪ್ರದರ್ಶನ ಏನು?" ಎಂದು ಕೇಳಿದ. ಅವನು ಚೀಸ್ ತುಂಬಿದ ಕೊಳವೆಗಳ ಬಗ್ಗೆ ಹೇಳಿದ, ಬೆಣೆಯ ವಿಷಯವನ್ನೂ ಹೇಳಿದ. ಬಡಗಿ ಬಾಯಿಯಿಂದ ಒಂದು ಮೊಳೆ ತೆಗೆದು, "ನಿನ್ನ ಮಗಳು ಊಟ ಮಾಡ್ತಾಳೋ, ಉದ್ಘಾಟನೆ ಮಾಡ್ತಾಳೋ?" ಅಂದ. ಅವನು ನಗಲಿಲ್ಲ. "ಡಬ್ಬಿ ಖಾಲಿ ಬರುತ್ತೆ," ಅಂದ, ಹನ್ನೊಂದು ದಿನದಿಂದ ಹೇಳುತ್ತಿದ್ದ ಹಾಗೆಯೇ. ದೀಪದ ಒಂದೊಂದು ಕೈಗೂ ತೆಳು ಕಾಗದ ಸುತ್ತುತ್ತ ಹೋದ. ಇದೇ ದೀಪ ಮೇಲಿನ ದೊಡ್ಡ ಕೋಣೆಯಲ್ಲಿ ತೂಗುತ್ತಿದ್ದಾಗ, ನಾಲ್ಕು ವರ್ಷದ ಕಡ್ಡಿ ರಜೆಯ ಒಂದು ದಿನ ಅವನ ಜತೆ ಬಂದವಳು ಕಂಬಿಯ ಮೇಲೆ ಹತ್ತಿ ಕೈ ಚಾಚಿದ್ದಳು. ಬೆರಳು ತಾಗಲು ಒಂದು ಗೇಣು ಇತ್ತು. ಅವನು ಕಿರುಚಿದ್ದ. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದ್ದರು. ಕಾವಲುಗಾರ, ಅವನ ದಿನನಿತ್ಯದ ಸ್ನೇಹಿತ, ಗುರುತಿಲ್ಲದವನ ಹಾಗೆ ಮುಖ ಮಾಡಿಕೊಂಡಿದ್ದ. ಆಮೇಲೆ ಮೆಟ್ಟಿಲ ಮೇಲೆ ಕೂರಿಸಿ ಅವಳಿಗೆ ಪಾಠ ಹೇಳಿಕೊಟ್ಟ. "ಚೆಂದದ್ದು ಕಂಡ್ರೆ ಕೈ ಎಲ್ಲಿರಬೇಕು?" "ಹಿಂದೆ!" "ಇನ್ನೊಂದ್ಸಲ?" "ಹಿಂದೆ!" ಎರಡು ಪುಟ್ಟ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡವು. ಮುಂದಿನ ಸಲ ಬಂದಾಗ ಅವಳು ಇಡೀ ಮ್ಯೂಸಿಯಮ್ಮನ್ನು ಹಾಗೆಯೇ ಸುತ್ತಿದಳು, ನಿವೃತ್ತ ನ್ಯಾಯಾಧೀಶರ ಹಾಗೆ, ಮತ್ತು ಎಲ್ಲರೂ ಎಂಥ ಒಳ್ಳೆಯ ಮಗು ಅಂದರು. ಒಳ್ಳೆಯ ಮಗು ಎಂದಾಗ ತನಗೇಕೆ ಎದೆಯಲ್ಲಿ ಚಿಕ್ಕದಾಗಿ ಏನೋ ಚುಚ್ಚಿತು ಎಂದು ಅವನು ಆಗ ಯೋಚಿಸಿರಲಿಲ್ಲ. ಈಗ, ಒಂಬತ್ತನೆಯ ಕೈಗೆ ಕಾಗದ ಸುತ್ತುತ್ತ, ಯೋಚಿಸಲು ಶುರುಮಾಡಿದ್ದ. ಅಷ್ಟರಲ್ಲಿ ಬಡಗಿ ಉಳಿ ಕೆಳಗಿಟ್ಟು, "ಹನ್ನೆರಡೂವರೆ, ಹೊಟ್ಟೆ ಬಡ್ಕೋತಿದೆ," ಅಂದ.

ಅವನು ತನ್ನ ಡಬ್ಬಿಯನ್ನು ತೆಗೆದುಕೊಂಡು, ಎಂದಿನಂತೆ, ತಿನ್ನುವ ಮೊದಲು ಕುಲುಕಿದ.

ಸದ್ದಿಲ್ಲ.

ಇನ್ನೊಮ್ಮೆ ಕುಲುಕಿದ, ಜೋರಾಗಿ. ಬಟ್ಟೆ ಹಿಂಡಿದರೂ ನೀರು ಬಾರದ ಹಾಗೆ ಒಂದು ಮೌನ. ಆ ಮೌನ ಎಷ್ಟು ಪರಿಪೂರ್ಣವಾಗಿತ್ತೆಂದರೆ ಅರ್ಧ ಕ್ಷಣ, ನಿಜಕ್ಕೂ ಅರ್ಧವೇ ಕ್ಷಣ, ಅವನ ಮನಸ್ಸು ಭೇಷ್ ಅಂದಿತು. ಆಮೇಲೆ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟ. ಮುಚ್ಚಳ ತೆಗೆದ. ಹೆಂಚುಗಳು, ಘನಗಳು, ಕೊಳವೆಗಳು, ಹಳದಿ ಕಣ್ಣುಗಳು. ಐದು ದ್ರಾಕ್ಷಿಗಳೂ ಕೂತಲ್ಲೇ ಕೂತಿದ್ದವು. ಬಡಗಿ ಹತ್ತಿರ ಬಂದು ಬಗ್ಗಿ ನೋಡಿದ, ಬಾಯಿಯಿಂದ ಮೊಳೆಗಳನ್ನೆಲ್ಲ ತೆಗೆದು ಜೇಬಿಗೆ ಹಾಕಿಕೊಂಡ, ಗೊತ್ತಿಲ್ಲದೆಯೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಅಬ್ಬಾ," ಅಂದ. ಆಮೇಲೆ, "ಹಾಗಾದ್ರೆ ಅವಳ ಹತ್ರ ಏನಿದೆ?"

"ಸಿಪ್ಪೆ," ಅಂದ ಅವನು. "ಚೂರುಪಾರು. ಕಸ."

"ಹೋಗ್ಲಿ ಬಿಡಪ್ಪ. ಒಂದು ದಿನ ಏನಾಗುತ್ತೆ. ಇದನ್ನ ನಾವಿಬ್ರೂ ಮುಗಿಸೋಣ, ಯಾರಿಗೂ ಗೊತ್ತಾಗಲ್ಲ."

ಅವನು ಆಗಲೇ ಮುಚ್ಚಳ ಹಾಕಿ ಮೆಟ್ಟಿಲು ಹತ್ತುತ್ತಿದ್ದ. ಶಿಬಿರದಲ್ಲಿ ಊಟಕ್ಕೆ ಬೆಲ್ಲು ಒಂದು ಗಂಟೆಗೆ. ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ನಿಲ್ದಾಣದ ಬಿಸಿಲಲ್ಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಾಗ ಅವನಿಗೆ ಕಾಣುತ್ತಿದ್ದದ್ದು ಒಂದೇ ದೃಶ್ಯ: ಉದ್ದನೆಯ ಊಟದ ಮೇಜು, ಹತ್ತಾರು ಮಕ್ಕಳು, ತನ್ನ ಮಗಳು ಬಾಣದ ಚೀಟಿ ಎಬ್ಬಿಸಿ ಮುಚ್ಚಳ ತೆಗೆಯುವುದು, ಒಳಗೆ ಬ್ರೆಡ್ಡಿನ ಅಂಚಿನ ರಾಶಿ. ಯಾವುದೋ ಮಗು, "ಇದು ನಿಮ್ಮನೆ ನಾಯಿದಾ?" ಅನ್ನುತ್ತದೆ. ಎಲ್ಲರೂ ನಗುತ್ತಾರೆ. ಅವಳು ತುಟಿ ಬಿಗಿಯುತ್ತಾಳೆ. ಆ ಬಿಗಿದ ತುಟಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ದಿನ ಕಟ್ಟಿದ್ದು ಒಂದು ಹೊತ್ತಿಗೆ ಬಿದ್ದುಹೋಗುತ್ತದೆ. ಬಟಾಣಿ ಗಾರೆಯ ಗೋಡೆಯೂ ಸೇರಿ. ಶಿಬಿರದ ಕಡೆಗೆ ಹೋಗುವುದು ಹೆಂಡತಿಯ ಮಾರ್ಗದ ಬಸ್ಸೇ ಎಂಬುದು ಆಗ ನೆನಪಾಯಿತು. ಅವಳದಲ್ಲದ ಒಂದು ಬಸ್ಸು ಬರಲಿ ಎಂದು ಅವನು ಯಾರನ್ನು ಬೇಡಿಕೊಂಡನೋ, ಅವರಿಗೆ ಅವನ ಮೇಲೆ ಅಂಥ ಪ್ರೀತಿಯೇನೂ ಇದ್ದಂತಿರಲಿಲ್ಲ. ಬಾಗಿಲು ಬುಸ್ ಎಂದು ತೆರೆಯಿತು.

"ಏನ್ರೀ," ಹೆಂಡತಿ ಸ್ಟಿಯರಿಂಗಿನ ಮೇಲೆ ಮೊಣಕೈ ಊರಿ ನೋಡಿದಳು. "ಮ್ಯೂಸಿಯಮ್ಮಿಗೆ ಬೆಂಕಿ ಬಿತ್ತಾ?"

"ಇಲ್ಲ. ಸುಮ್ನೆ."

"ಸುಮ್ನೆ, ಡಬ್ಬಿ ಹಿಡ್ಕೊಂಡು, ಈ ಬಿಸಿಲಲ್ಲಿ?"

ಅವನು ಅವಳ ತಲೆಯ ಮೇಲಿದ್ದ 'ಚಾಲಕರೊಡನೆ ಮಾತನಾಡಬಾರದು' ಎಂಬ ಫಲಕವನ್ನು ತೋರಿಸಿದ.

"ಅದು ನಿಮಗೆ. ಚಾಲಕರು ಮಾತಾಡಬಾರದು ಅಂತ ಎಲ್ಲಿ ಬರೆದಿದೆ? ಒಳಗೆ ನಡೀರಿ, ಹಿಂದೆ ಜನ ಕಾಯ್ತಿದ್ದಾರೆ."

ಕೊನೆಯ ಸೀಟಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ತಿರುಗಿದಾಗ ತಾನೂ ಅದರ ಜತೆ ವಾಲಿ, ಗುಂಡಿಗೆ ಬಿದ್ದಾಗ ಅದನ್ನು ಮೇಲೆತ್ತಿ ಹಿಡಿದು ಕೂತ. ಪಕ್ಕದಲ್ಲಿ ಎಲೆಕೋಸು ಹಿಡಿದುಕೊಂಡಿದ್ದ ಮುದುಕರೊಬ್ಬರು ಸ್ವಲ್ಪ ಹೊತ್ತು ಗಮನಿಸಿ, "ಔಷಧಿನಾ?" ಎಂದು ಕೇಳಿದರು. "ಊಟ," ಅಂದ. "ಪಾಪ. ಯಾವ ವಾರ್ಡು?" ಅಂದರು ಮುದುಕರು. ಆಮೇಲೆ ಅನುಕಂಪದಿಂದ ಎಲೆಕೋಸನ್ನು ಇನ್ನೊಂದು ತೊಡೆಗೆ ಸರಿಸಿ ಅವನಿಗೆ ಜಾಗ ಬಿಟ್ಟರು. ಮುಂದಿನ ಕನ್ನಡಿಯಲ್ಲಿ ಹೆಂಡತಿಯ ಕಣ್ಣುಗಳು ಎರಡು ಸಲ ಬಂದು ಹೋದವು. ಅವಳು ದಿನಾ ಈ ರಸ್ತೆಯಲ್ಲಿ ಆರು ಸಲ ಹೋಗುತ್ತಾಳೆ, ಶಿಬಿರದ ಮುಂದೆ ಆರು ಸಲ, ಒಳಗೆ ಮಗಳಿದ್ದಾಳೆಂದು ಗೊತ್ತಿದ್ದೂ ಬಸ್ಸು ನಿಲ್ಲಿಸದೆ, ಎಂದು ಅವನಿಗೆ ಇದೇ ಮೊದಲ ಸಲ ಹೊಳೆಯಿತು. ನಾಲ್ಕೂವರೆಗೆ ಎದ್ದು ಅವಳು ಕಟ್ಟುತ್ತಿದ್ದ ಅದೇ ಬ್ರೆಡ್ಡು ಅದೇ ಮೊಟ್ಟೆ ಖಾಲಿಯಾಗಿ ಬರುತ್ತಿತ್ತೇ ಇಲ್ಲವೇ ಎಂದು ತಾನು ಒಂದು ದಿನವೂ ನೋಡಿರಲಿಲ್ಲ ಎಂಬುದೂ.

ಶಿಬಿರದ ಗೇಟಿನೆದುರು ನಿಲ್ದಾಣವಿರಲಿಲ್ಲ. ಬಸ್ಸು ನಿಂತಿತು. ಅವನು ಮುಂದಿನ ಬಾಗಿಲಿಗೆ ಬಂದ.

"ಅದಲುಬದಲಾಯ್ತಾ?" ಎಂದಳು ಹೆಂಡತಿ, ರಸ್ತೆಯನ್ನೇ ನೋಡುತ್ತ.

"ಹೂಂ."

ನಗುತ್ತಾಳೆ ಎಂದು ಕಾದ. ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. "ಓಡಿ," ಅಂದಳು.

ಓಡಿದ, ಡಬ್ಬಿ ಅಲ್ಲಾಡದ ಹಾಗೆ ಸೊಂಟದಿಂದ ಮೇಲೆ ನಿಶ್ಚಲವಾಗಿಯೂ ಕೆಳಗೆ ಕುದುರೆಯ ಹಾಗೂ. ಓಣಿಯ ತುಂಬ ಒದ್ದೆ ಪಾದದ ಗುರುತು, ಈಜುಕೊಳದ ಔಷಧಿ ವಾಸನೆ. ಒಂದು ಗಂಟೆ ಹನ್ನೆರಡು ನಿಮಿಷ. ಊಟದ ಕೋಣೆಯ ಬಾಗಿಲಲ್ಲಿ ಕೊರಳಿಗೆ ಸೀಟಿ ತೂಗುಹಾಕಿಕೊಂಡ ತರುಣಿ ಅಡ್ಡ ನಿಂತಿದ್ದಳು. ಮಗಳ ಬಾಯಲ್ಲಿ ದಿನಾ ಕೇಳುತ್ತಿದ್ದ ಸೀಟಿ ಟೀಚರ್ ಇವಳೇ ಇರಬೇಕು. ಅವನು ಏದುಸಿರು ಬಿಡುತ್ತ, ಇಂಥವಳ ಅಪ್ಪ ಎಂದ.

"ಓ! ಡಬ್ಬಿಯಪ್ಪ ನೀವೇನಾ?" ಅವಳ ಮುಖ ಅರಳಿತು. "ಕ್ಷಮಿಸಿ ಸಾರ್, ಮಕ್ಕಳು ಇಟ್ಟಿರೋ ಹೆಸರು. ಬೆಲ್ ಹೊಡೆದ ತಕ್ಷಣ ಎಲ್ಲರೂ ಕೈ ತೊಳ್ಕೊಂಡು ನಿಮ್ಮ ಮಗಳ ಮುಂದೆ ಸಾಲು ನಿಲ್ತಾರೆ. ಅವಳು ಮುಚ್ಚಳ ತೆಗೀತಾಳೆ. ಒಂದು ನಿಮಿಷ ಎಲ್ಲರೂ ಸುಮ್ನೆ ನೋಡಬೇಕು, ಹಾಗಂತ ರೂಲ್ಸು. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು."

"ಸಾಲು," ಅಂದ ಅವನು. "ಅವಳಿಗೆ?"

ಟೀಚರ್ ಸೀಟಿಯನ್ನು ಬೆರಳಲ್ಲಿ ತಿರುಗಿಸಿದಳು. "ಅವಳು ತಿನ್ನಲ್ಲ ಸಾರ್. ಕೈ ಹಿಂದೆ ಕಟ್ಕೊಂಡು ಪಕ್ಕದಲ್ಲಿ ನಿಂತಿರ್ತಾಳೆ. ನೀನೂ ತಗೋಮ್ಮ ಅಂದೆ. ಅಪ್ಪ ಜೋಡಿಸಿದ್ದು ಟೀಚರ್, ಮುಟ್ಟಬಾರದು ಅಂದ್ಲು. ಮತ್ತೆ ಇವರೆಲ್ಲ ಮುಟ್ಟಬಹುದಾ ಅಂದ್ರೆ, ಇವರು ಮ್ಯೂಸಿಯಮ್ಮಿನವರಲ್ವಲ್ಲ ಅಂದ್ಲು."

ಅವನು ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ನನ್ನ ಹತ್ರ ಬಿಸ್ಕತ್ತು ಇರುತ್ತೆ, ಅದನ್ನ ಕೊಡ್ತೀನಿ. ನಿಮಗೆ ಫೋನ್ ಮಾಡಬೇಕಿತ್ತು, ತಪ್ಪು ನಂದೇ. ಆದ್ರೆ..." ಟೀಚರ್ ಕೆಂಪಾದಳು. "ಆ ಗೋಡೆ ಕಟ್ಟಿದ್ದಿರಲ್ಲ, ಆ ದಿನ ನಾನೂ ಸಾಲಲ್ಲಿ ನಿಂತಿದ್ದೆ."

"ಇವತ್ತು?"

"ಇವತ್ತು ನೀವೇ ನೋಡಿ."

ಬಾಗಿಲ ಗಾಜಿನಲ್ಲಿ ನೋಡಿದ. ಮಕ್ಕಳೆಲ್ಲ ಮೇಜಿನ ಈ ತುದಿಯಲ್ಲಿ, ನಾಟಕ ರದ್ದಾದ ಪ್ರೇಕ್ಷಕರ ಹಾಗೆ ಮುಖ ಮಾಡಿಕೊಂಡು ತಮ್ಮ ತಮ್ಮ ಡಬ್ಬಿಗಳನ್ನು ಕೆದಕುತ್ತಿದ್ದರು. ಆ ತುದಿಯಲ್ಲಿ ಅ‌ವಳೊಬ್ಬಳೇ. ಒದ್ದೆ ಕೂದಲು ಹಣೆಗೆ ಅಂಟಿತ್ತು. ಎರಡೂ ಮೊಣಕೈ ಮೇಜಿನ ಮೇಲೆ, ಎಡಗೈ ಡಬ್ಬಿಯ ಸುತ್ತ ಕೋಟೆ. ಬಲಗೈ ಒಳಗೆ ಹೋಗುತ್ತಿತ್ತು, ಏನು ಸಿಕ್ಕಿತೆಂದು ನೋಡದೆಯೇ ಬಾಯಿಗೆ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಒಂದು ಬ್ರೆಡ್ಡಿನ ಅಂಚು ಹಿಡಿದು ಡಬ್ಬಿಯ ಮೂಲೆಯನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಒರೆಸಿದಳು. ಗಲ್ಲದ ಮೇಲೆ ಮೊಟ್ಟೆ. ಮೂಗಿನ ಮೇಲೂ, ಹೇಗೆ ಹೋಯಿತೋ. ಏಳು ವರ್ಷ ಅವನು ಚಮಚ ಹಿಡಿದು ಕಾದದ್ದು ಈ ದವಡೆಯ ಆಟವನ್ನು ನೋಡಲಿಕ್ಕೆ. ಅದು ಈಗ, ಕಸವೆಂದು ಅವನು ಎತ್ತಿಟ್ಟದ್ದರ ಮುಂದೆ, ಅವನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ನಡೆಯುತ್ತಿತ್ತು. ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಫ್ರಿಜ್ಜಿನ ಹಾಳೆಯ ಹನ್ನೆರಡನೆಯ ಚೌಕದಲ್ಲಿ ಏನೆಂದು ಬರೆಯುವುದು? ತಾನು ನಗುತ್ತಿದ್ದೇನೆಂದು ಟೀಚರ್ ನೋಡಿದ ರೀತಿಯಿಂದ ಗೊತ್ತಾಯಿತು. ಒಳಗೆ ಹೋದ.

ಅವನನ್ನು ಕಂಡು ಮಗಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ಚೀಟಿ ತಪ್ಪಾಗಿದೆ," ಅಂದಳು ತುಂಬಿದ ಬಾಯಲ್ಲಿ.

"ಹೌದು. ನಂದೇ ತಪ್ಪು."

"ಇದು ಯಾರ ಡಬ್ಬಿ?"

"ನಂದು."

ಅವಳು ಅಗಿಯುವುದನ್ನು ನಿಲ್ಲಿಸಿದಳು. "ದಿನಾ ಇದನ್ನೇ ತಿಂತೀಯಾ ನೀನು?"

"ಹೂಂ."

"ಒಬ್ಬನೇ?"

ಒಲೆಯ ಪಕ್ಕ ನಿಂತ ಅಮ್ಮನನ್ನು ತಾನೂ ಹೀಗೆಯೇ ನೋಡಿರಬೇಕು. "ಅದು ಕತ್ತರಿಸಿ ಉಳಿದದ್ದು ಪುಟ್ಟೀ," ಅಂದ. "ಬಿಸಾಕೋ ಅಂಥದ್ದು."

"ಸುಳ್ಳು."

ಅವನು ಬೆಂಚಿನ ಮೇಲೆ ಅವಳೆದುರು ಕೂತು ತಾನು ತಂದ ಡಬ್ಬಿಯ ಮುಚ್ಚಳ ತೆಗೆದ. ಅಷ್ಟೆಲ್ಲ ಬಸ್ಸು, ಗುಂಡಿ, ಓಟ ಆದಮೇಲೂ ಒಂದು ಹೆಂಚೂ ಜಾರಿರಲಿಲ್ಲ. ಬೆನ್ನ ಹಿಂದೆ ಬೆಂಚುಗಳು ಸರಿದ ಸದ್ದು, ಬರಿಗಾಲುಗಳ ಸದ್ದು. ತಿರುಗಿ ನೋಡದೆಯೂ ಸಾಲು ನಿಂತಿತೆಂದು ತಿಳಿಯಿತು. ನೋಡುವ ನಿಮಿಷ ನಡೆಯುತ್ತಿತ್ತು. "ತಗೋ," ಎಂದು ಡಬ್ಬಿಯನ್ನು ಅವಳ ಕಡೆ ತಳ್ಳಿದ. "ನಿನಗೇ ಮಾಡಿದ್ದು. ಯಾವುದು ಬೇಕೋ ತಗೋ. ಕೆಡಿಸು. ಅಪ್ಪನೇ ಹೇಳ್ತಿದ್ದೀನಿ, ಕೆಡಿಸು, ಪರವಾಗಿಲ್ಲ." ಅವಳು ಅಲುಗಾಡಲಿಲ್ಲ. ಅವನು ತಾನೇ ಕೈ ಹಾಕಿದ. ಹದಿನಾಲ್ಕು ವರ್ಷದಲ್ಲಿ ತಾನು ಕಟ್ಟಿದ್ದನ್ನು ತಾನೇ ಕೆಡಿಸಿದ್ದು ಇದೇ ಮೊದಲು. ಸೌತೆಕಾಯಿಯ ಬೆಣೆ ಕಿತ್ತ, ಐದನೆಯ ದ್ರಾಕ್ಷಿ ಉರುಳಿ ಹೊರಬಂತು, ಅದನ್ನು ಎರಡು ಬೆರಳಲ್ಲಿ ಎತ್ತಿ, ವಿಮಾನ ಎನ್ನದೆ, ಹಕ್ಕಿ ಎನ್ನದೆ, ಅವಳ ಬಾಯಿಯ ಹತ್ತಿರ ಹಿಡಿದ. ಮಗಳು ದ್ರಾಕ್ಷಿಯನ್ನು ನೋಡಿದಳು. ಡಬ್ಬಿಯನ್ನು ನೋಡಿದಳು. ಬೆಣ್ಣೆಯ ಕೈಗಳನ್ನು ಅಂಗಿಗೆ ಒರೆಸಿಕೊಂಡು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬೇಡ," ಅಂದಳು.